ಬಾಡಿಗೆ ಮನೆಗೆ ಬಾರದ ಆನೆ

ಇವತ್ತು ಬೆಳಿಗ್ಗೆ ನಮ್ಮೆಜಮಾನರು ಬಸ್ಸಿಳಿದು ಮನೆ ಸೇರುವ ಮೊದಲೇ ಅವರ ಹೆಗಲ ಮೇಲಿದ್ದ ಗೋಣಿಚೀಲ ಮನೆಯೊಳಗೆ ಬಂದುಬಿಟ್ಟಿತು. ಅಂದರೆ ಅದರ ವಾಸನೆ. ವಿಭೂತಿ ಹಚ್ಚಿಕೊಂಡು ಪೂಜೆಗೆ ಕೂತಿದ್ದೆ. ಧೂಪದ ನಡುವೆ ಹಲಸಿನ ಹಣ್ಣಿನ ಘಮ ಮೂಗಿಗೆ ಬಡಿದರೆ ಏನಾಗಬೇಕು ಹೇಳಿ. ಶಿವನ ಮೇಲಿದ್ದ ಮನಸ್ಸು ಸೀದಾ ಬಾಗಿಲಿಗೆ ಹೋಯಿತು. ಆಸೆಯಿಂದ ಅಂದುಕೊಳ್ಳಬೇಡಿ, ಭಯದಿಂದ.

ತಮಿಳುನಾಡಿಗೆ ಸೇರಿದ ಸತ್ಯಮಂಗಲದ ಬೆಟ್ಟದ ಮೇಲೆ, ನಮ್ಮ ತಿಗನಾರೆಯಲ್ಲಿ, ಮನೆ ಹೊಲದ ಅಂಚಿಗಿದೆ, ಹೊಲದ ಆಚೆ ಕಾಡು. ಆ ಕಾಡಿನವರಿಗೆ ಹಲಸು ಅಂದರೆ ಪ್ರಾಣ. ನಾನು ಮದುವೆಯಾಗಿ ಬಂದ ಹೊಸತರಲ್ಲಿ ಪಕ್ಕದ ಮನೆಯವರು ಅಡುಗೆಮನೆಯಲ್ಲಿ ಒಂದು ಹಣ್ಣು ಇಟ್ಟುಕೊಂಡು ಮಲಗಿದ್ದರು. ಬೆಳಿಗ್ಗೆ ಎದ್ದು ನೋಡಿದರೆ ಹಣ್ಣೂ ಇಲ್ಲ, ಅಡುಗೆಮನೆಯ ಗೋಡೆಯೂ ಇಲ್ಲ. ಆನೆ ಹಣ್ಣು ತಿಂದು, ರಾಗಿ ತಿಂದು, ಉಪ್ಪಿನ ಮಡಕೆ ನೆಕ್ಕಿ ಹೋಗಿತ್ತು. ಅವತ್ತೇ ನಮ್ಮತ್ತೆ ನನ್ನನ್ನು ಕೂರಿಸಿಕೊಂಡು ಉಪದೇಶ ಮಾಡಿದರು. "ಒತ್ತು ಮುಳುಗೋ ಒತ್ಗೆ ಅಲಸಿನಣ್ಣು ಮನೆ ಬುಟ್ಟಿರಬೇಕು ಕಣಮ್ಮಿ. ಇಲ್ದಿದ್ರ ಮನೆ ನಮ್ಮನ್ನ ಬುಡ್ತದ."

ಹಾಗಾಗಿ ನಮ್ಮಲ್ಲಿ ಹಣ್ಣು ಬಂದ ದಿನವೇ ಕೊಯ್ದು, ಹತ್ತಿರದ ಮನೆಗಳಿಗೆಲ್ಲ ತೊಳೆ ಹಂಚಿ, ಸಿಪ್ಪೆಯನ್ನು ದೂರ ಒಯ್ದು ಹೂತು, ಕೊಯ್ದ ಜಾಗವನ್ನು ಸಗಣಿಯಿಂದ ಸಾರಿಸುವುದು ರೂಢಿ. ಇದನ್ನು ನೋಡಿದ ಹೊರಗಿನವರು ನಮ್ಮನ್ನು ಮಹಾ ದಾನಿಗಳು ಅಂದುಕೊಳ್ಳುತ್ತಾರೆ. ಅಂದುಕೊಳ್ಳಲಿ ಬಿಡಿ, ನಮಗೇನು ನಷ್ಟ.

ಈ ರೂಢಿಯನ್ನು ನಾನು ಸಮುದ್ರದವರೆಗೂ ಹೊತ್ತುಕೊಂಡು ಹೋದೆ ನೋಡಿ, ಅದೇ ನಾನು ಹೇಳಹೊರಟ ಕತೆ.

ಹಿಂದೊಮ್ಮೆ ಯಜಮಾನರಿಗೆ ಸಮುದ್ರದ ದಂಡೆಯ ಕಡಲೂರಿಗೆ ವರ್ಗವಾಗಿತ್ತು. ಬೆಟ್ಟದಲ್ಲಿ ಹುಟ್ಟಿದವಳಿಗೆ ಸಮುದ್ರ ಅಂದರೆ ಬದುವಿಲ್ಲದ ಹೊಲದ ಹಾಗೆ. ನೋಡಲು ಚೆಂದ, ಯಾರದು ಎಲ್ಲಿಯವರೆಗೆ ಅನ್ನುವುದು ತಿಳಿಯುವುದಿಲ್ಲ. ಬಾಡಿಗೆ ಮನೆ ಹುಡುಕಲು ಬೀದಿ ಬೀದಿ ಅಲೆದೆವು. ಬೆಳಕಿದ್ದ ಮನೆಗೆ ನೀರಿಲ್ಲ, ನೀರಿದ್ದ ಮನೆಯಲ್ಲಿ ಅದು ಉಪ್ಪು. ಆ ನೀರಿನಲ್ಲಿ ಬೇಳೆ ಬೇಯುವುದಿಲ್ಲ, ಸೋಪು ನೊರೆ ಬರುವುದಿಲ್ಲ, ತಲೆಕೂದಲು ತೆಂಗಿನ ನಾರು. ಕೊನೆಗೆ ಒಂದು ಬೀದಿಯಲ್ಲಿ ಮನೆ ಸಿಕ್ಕಿತು. ನಲ್ಲಿ ತಿರುಗಿಸಿ ಬೊಗಸೆ ನೀರು ಕುಡಿದೆ. ಸಿಹಿ! ಬೀದಿ ಕೊನೆಗೆ ಒಂದು ಪುಟ್ಟ ಶಿವನ ಗುಡಿ ಬೇರೆ. ಎರಡನ್ನೂ ಒಂದೇ ಬೀದಿಯಲ್ಲಿ ಇಟ್ಟವನಿಗೆ ಅಲ್ಲೇ ಕೈ ಮುಗಿದೆ.

ಮನೆಯೊಡತಿ ಚೆಲ್ಲಮ್ಮಾಳ್ ಅಕ್ಕ ಮಹಡಿಯ ಮೇಲಿದ್ದರು. ಹಗಲೆಲ್ಲ ಬಾಲ್ಕನಿಯಲ್ಲಿ ಕುರ್ಚಿ ಹಾಕಿ ಕೂತು ಇಡೀ ಬೀದಿಯನ್ನು ಕಾಯುವವರು. ಮೊದಲ ದಿನವೇ ಷರತ್ತು ಹೇಳಿದರು. ಅವರ ತಮಿಳನ್ನು ನಮ್ಮ ಮಾತಿಗೆ ತಿರುಗಿಸಿ ಹೇಳುತ್ತೇನೆ, ಬಿಸಿ ಸ್ವಲ್ಪ ಆರಿರುತ್ತದೆ.

"ಎರಡು ತಿಂಗಳು ಇರು, ನೋಡ್ತೀನಿ. ಹಿಡಿಸಿದರೆ ಅಗ್ರಿಮೆಂಟು, ಇಲ್ಲದಿದ್ದರೆ ಟೆಂಪೋ. ಗೋಡೆಗೆ ಒಂದು ಮೊಳೆಯೂ ಹೊಡೆಯಬಾರದು. ಆಮೇಲೆ, ಆ ಎದುರು ಮನೆ ಇದೆಯಲ್ಲ, ಅದರ ಕಡೆ ತಲೆಯೆತ್ತಿಯೂ ನೋಡಬಾರದು."

ಎದುರು ಮನೆಯಲ್ಲಿದ್ದದ್ದು ಅವರ ನಾದಿನಿ ಕನಕಂ. ಯಾವುದೋ ಮಗುವಿಗೆ ಕಿವಿ ಚುಚ್ಚುವ ಶಾಸ್ತ್ರಕ್ಕೆ ಅವಳು ಇವರನ್ನು ಸರಿಯಾಗಿ ಕರೆಯಲಿಲ್ಲವಂತೆ. ಆ ಮಗುವಿಗೆ ಆಗಲೇ ಮೀಸೆ ಬಂದಿತ್ತು, ಇವರಿಬ್ಬರಿಗೆ ಇನ್ನೂ ಮಾತು ಬಂದಿರಲಿಲ್ಲ.

ಸಿಹಿ ನೀರಿಗೋಸ್ಕರ ಎಲ್ಲದಕ್ಕೂ ತಲೆಯಾಡಿಸಿದೆ. ಮೊಳೆ ಹೊಡೆಯದೆ ಶಿವನ ಪಟವನ್ನು ಅಕ್ಕಿ ಡಬ್ಬದ ಮೇಲೆ ಕೂರಿಸಿದೆ. ಅನ್ನಕ್ಕೆ ಅಕ್ಕಿ ತೆಗೆಯುವಾಗಲೆಲ್ಲ "ಒಸಿ ಏಳಪ್ಪಾ" ಅಂತ ಅವನನ್ನು ಎಬ್ಬಿಸಬೇಕು, ಮತ್ತೆ ಕೂರಿಸಬೇಕು. ಅವನು ಬೇಸರಿಸಲಿಲ್ಲ. ಕಡಲ ಗಾಳಿಗೆ ಉಪ್ಪು ಡಬ್ಬದಲ್ಲೇ ನೀರಾಗುತ್ತಿತ್ತು, ಹಪ್ಪಳ ಕರಿದು ತಟ್ಟೆಗೆ ಹಾಕುವಷ್ಟರಲ್ಲಿ ಮೆತ್ತಗಾಗುತ್ತಿತ್ತು, ಬೀಗ ತುಕ್ಕು ಹಿಡಿದು ನಮ್ಮನ್ನೇ ಹೊರಗೆ ನಿಲ್ಲಿಸುತ್ತಿತ್ತು. ಬೇಳೆ ಮಾತ್ರ ಬೆಣ್ಣೆಯ ಹಾಗೆ ಬೇಯುತ್ತಿತ್ತು. ನನಗೆ ಅಷ್ಟು ಸಾಕಾಗಿತ್ತು.

ಎರಡು ತಿಂಗಳು ಮುಗಿಯುತ್ತ ಬಂದಿತ್ತು. ಒಂದು ಮಧ್ಯಾಹ್ನ ಅಕ್ಕ ನಮ್ಮ ಬಾಗಿಲಿಗೆ ಒಂದು ಹಲಸಿನ ಹಣ್ಣನ್ನು ಉರುಳಿಸಿಕೊಂಡು ಬಂದರು. ಅವರ ತವರು ಪನ್ರುಟ್ಟಿ, ಹಲಸಿಗೆ ಹೆಸರಾದ ಊರು. ಹಣ್ಣು ಎಷ್ಟು ದೊಡ್ಡದೆಂದರೆ ಎರಡು ಕೈಯಲ್ಲಿ ತಬ್ಬಿದರೆ ನನ್ನ ಬೆರಳು ಬೆರಳಿಗೆ ತಾಕಲಿಲ್ಲ. "ನನ್ನ ತವರಿನದು. ನಿಧಾನವಾಗಿ ನಾಲ್ಕು ದಿನ ಇಟ್ಟುಕೊಂಡು ತಿನ್ನಿ," ಅಂದು ಮೇಲೆ ಹೋದರು.

ನಾಲ್ಕು ದಿನ! ಕಡಲೂರಿನಲ್ಲಿ ಆನೆ ಇಲ್ಲ ಅನ್ನುವುದು ನನಗೆ ಗೊತ್ತಿಲ್ಲದೆ ಏನು? ತಲೆಗೆ ಗೊತ್ತಿತ್ತು. ಆದರೆ ಹೊತ್ತು ಇಳಿಯುತ್ತ ಇಳಿಯುತ್ತ ವಾಸನೆ ಏರಿತು, ಅತ್ತೆಯ ಮಾತು ಕಿವಿಯಲ್ಲಿ ಕೂತಿತು. ಕೈಗೆ ಎಣ್ಣೆ ಹಚ್ಚಿಕೊಂಡು ಕತ್ತಿ ತೆಗೆದುಕೊಂಡೆ. ಕೊಯ್ದೆ, ಬಿಡಿಸಿದೆ, ಪಾತ್ರೆ ಪಾತ್ರೆಗೆ ತುಂಬಿ "ಚೆಲ್ಲಮ್ಮಾಳ್ ಅಕ್ಕನ ತವರಿನ ಹಣ್ಣು" ಅನ್ನುತ್ತ ಬೀದಿಯ ಒಂದೊಂದೇ ಮನೆಗೆ ಕೊಟ್ಟು ಬಂದೆ. ಸಿಪ್ಪೆ ಗುಡಿಯ ಹತ್ತಿರದ ಹಸುಗಳಿಗೆ ಹೋಯಿತು. ಹಣ್ಣು ಮುಗಿಯಲಿಲ್ಲ. ಇನ್ನೂ ಒಂದು ದೊಡ್ಡ ಪಾತ್ರೆ ಉಳಿಯಿತು. ಸೂರ್ಯ ತೆಂಗಿನ ಮರದ ಕೆಳಗೆ ಇಳಿದಿದ್ದ. ಕೊಡದೆ ಉಳಿದದ್ದು ಒಂದೇ ಮನೆ.

ಒಂದು ಕಡೆ ಮನೆಯೊಡತಿ, ಇನ್ನೊಂದು ಕಡೆ ಆನೆ. ಮನೆಯೊಡತಿ ಕೋಪಿಸಿಕೊಂಡರೆ ಮನೆ ಬಿಡಬೇಕು, ಆನೆ ಬಂದರೆ ಮನೆಯೇ ಇರುವುದಿಲ್ಲ. ಶಿವಶಿವಾ ಅಂದುಕೊಂಡು ಬೀದಿ ದಾಟಿದೆ. ಕನಕಂ ಬಾಗಿಲು ತೆಗೆದು ನನ್ನನ್ನೂ ಪಾತ್ರೆಯನ್ನೂ ನೋಡಿದಳು. "ಅಣ್ಣಿ ಕಳಿಸಿದರಾ?" ಅಂದಳು. ಅವರಲ್ಲಿ ಅತ್ತಿಗೆಗೆ ಅಣ್ಣಿ ಅನ್ನುತ್ತಾರೆ. ನಾನು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಪಾತ್ರೆಯನ್ನು ಅವಳ ಕೈಗೆ ತುರುಕಿ ತಿರುಗಿದೆ. ತಿರುಗಿದರೆ ಬಾಲ್ಕನಿಯಲ್ಲಿ ಅಕ್ಕ ಎದ್ದು ನಿಂತಿದ್ದರು.

ಆಫೀಸಿನಿಂದ ಆಗಷ್ಟೇ ಬಂದಿದ್ದ ಯಜಮಾನರು ಹಲಸಿನ ವಾಸನೆ ಹಿಡಿದು ಅಡುಗೆಮನೆಗೆ ಹೋಗಿ, ಅದು ಖಾಲಿಯಿದ್ದದ್ದು ನೋಡಿ ನಗಲು ಶುರುಮಾಡಿದರು. "ಏನಮ್ಮಿ, ಕಡಲೊಳಗಿಂದ ಆನೆ ಎದ್ದು ಬಂದದಾ?"

"ಬರಲ್ಲ ಅಂತ ನಂಗೂ ಗೊತ್ತು ಬುಡಿ. ಈ ಕೈಗೆ ಯಾರ್ ಏಳದು?"

"ನಂಗೊಂದ್ ತೊಳೆನಾದ್ರೂ ಮಡಗಿದ್ದೀಯಾ?"

"ಇಲ್ಲ. ಎದುರು ಮನೆಗೂ ಕೊಟ್ಬುಟ್ಟಿ."

ಅವರ ನಗು ನಿಂತಿತು. "ಎದುರು ಮನೆಗಾ? ಸರಿ, ಗಂಟು ಕಟ್ಟು. ಆನೆ ಬರ್ನಿಲ್ಲ, ಅಕ್ಕಾವ್ರು ಬತ್ತಾರ."

ಬಂದೇ ಬಂದರು. ಮೆಟ್ಟಿಲಿಳಿಯುವ ಸದ್ದಿನಲ್ಲೇ ಟೆಂಪೋ ಕಾಣಿಸಿತು. "ನನ್ನ ತವರಿನ ಹಣ್ಣನ್ನು ಬೀದಿಗೆ ಹಂಚಿದೆ, ಹೋಗಲಿ. ಅವಳ ಬಾಗಿಲಿಗೆ ನನ್ನ ಹೆಸರಿನಲ್ಲಿ ಹೋಗಿ ನಿಂತೆಯಾ? ನಾಳೆಯೇ..." ಅನ್ನುವಷ್ಟರಲ್ಲಿ ಬೀದಿಯಿಂದ ಒಂದು ಕೂಗು.

"ಅಣ್ಣೀ! ನಿಮ್ಮ ತವರಿನ ಹಣ್ಣು ಈ ವರ್ಷ ಸಪ್ಪೆ!"

ಕನಕಂ ನಮ್ಮ ಗೇಟಿನಲ್ಲಿ ನಿಂತಿದ್ದಳು. ಕೊಟ್ಟ ಪಾತ್ರೆಯನ್ನು ಖಾಲಿ ತರಬಾರದಲ್ಲ, ಹಿತ್ತಲಿನ ನುಗ್ಗೆಕಾಯಿ ತುಂಬಿಸಿ ತಂದಿದ್ದಳು.

ಅಕ್ಕ ನನ್ನನ್ನು ಮರೆತು ತಿರುಗಿ, ಪಾತ್ರೆಯನ್ನು ಅವಳ ಕೈಯಿಂದ ಕಿತ್ತುಕೊಂಡರು. "ಸಪ್ಪೆಯಾ? ನಿನ್ನ ನಾಲಿಗೆ ಸಪ್ಪೆ! ಸಪ್ಪೆಯಾದರೆ ಬಾಯಲ್ಲಿ ಯಾಕೆ ಇನ್ನೂ ಜಗಿಯುತ್ತಿದ್ದೀಯ?"

"ಕಳಿಸಿದ್ದು ನೀವು ಅಂತ ತಿಂದೆ!"

"ನಾನೆಲ್ಲಿ ಕಳಿಸಿದೆ?"

"ಹಾಗಾದರೆ ನುಗ್ಗೆಕಾಯಿ ವಾಪಸು ಕೊಡಿ!"

"ಕೊಡಲ್ಲ ಹೋಗೇ!"

ಹೀಗೆ ದೀಪ ಹಚ್ಚುವ ಹೊತ್ತಿನವರೆಗೂ ಜಗಳವಾಡಿದರು. ಜಗಳವಾಡಿದರು ಅಂದರೆ ಮಾತಾಡಿದರು. ಮೊದಲು ನಿಂತು ಆಡಿದರು, ಆಮೇಲೆ ನನ್ನ ಮೆಟ್ಟಿಲ ಮೇಲೆ ಕೂತು ಆಡಿದರು, ಆಮೇಲೆ ಇಬ್ಬರೂ ನನ್ನ ಕಡೆ ತಿರುಗಿ ಕಾಫಿ ಕೇಳಿದರು. ಸಿಹಿ ನೀರಿನ ಕಾಫಿ. ಕುಡಿಯುತ್ತ ಅಕ್ಕ ಕಣ್ಣೊರೆಸಿಕೊಂಡದ್ದನ್ನು ನಾನು ನೋಡಲಿಲ್ಲ ಅನ್ನುವ ಹಾಗೆ ಪಾತ್ರೆ ತೊಳೆಯಲು ಒಳಗೆ ಹೋದೆ.

ಮಾರನೆಯ ದಿನ ಅಗ್ರಿಮೆಂಟಾಯಿತು. ಅಕ್ಕ ಒಳಗೆ ಬಂದು ಅಕ್ಕಿ ಡಬ್ಬದ ಮೇಲಿದ್ದ ಶಿವನನ್ನು ನೋಡಿ, "ಇವನಿಗೆ ಮಾತ್ರ ಒಂದು ಮೊಳೆ ಹೊಡೆದುಕೋ," ಅಂದರು. ವರ್ಗವಾಗಿ ಊರಿಗೆ ಬರುವ ತನಕ ಅದೇ ಮನೆಯಲ್ಲಿದ್ದೆವು. ಬೀದಿಯವರೆಲ್ಲ ನನ್ನನ್ನು ದೊಡ್ಡ ಕೈಯವಳು ಅನ್ನುತ್ತಿದ್ದರು. ನಾನು ಸುಮ್ಮನೆ ಕೇಳಿಸಿಕೊಳ್ಳುತ್ತಿದ್ದೆ.

ಈವತ್ತಿನ ಗೋಣಿಚೀಲ ಆ ಅಕ್ಕ ಕಳಿಸಿದ್ದು. ಸತ್ಯಮಂಗಲದವರೆಗೆ ಯಾವುದೋ ಲಾರಿಯಲ್ಲಿ ಬಂದಿತ್ತು, ಯಜಮಾನರು ಅಲ್ಲಿಂದ ಹೊತ್ತು ತಂದರು. ಮಧ್ಯಾಹ್ನ ಹಣ್ಣು ಕೊಯ್ದು ಹಂಚಿ ಫೋನು ಮಾಡಿದೆ. ಅಕ್ಕ ಮೊದಲು ಕೇಳಿದ್ದೇ, "ಎದುರು ಮನೆಗೆ ಕೊಟ್ಟೆಯಾ?"

"ನಮ್ಮ ಎದುರು ಮನೆ ಕಾಡು ಅಕ್ಕ. ಅಲ್ಲಿಯವರು ಪಾತ್ರೆ ವಾಪಸು ಕೊಡುವುದಿಲ್ಲ, ಗೋಡೆ ಕೆಡವುತ್ತಾರೆ," ಅಂದೆ. ಅಲ್ಲಿಂದ ಮಾತು ಆನೆಗೆ ಹೋಯಿತು, ಅತ್ತೆಗೆ ಹೋಯಿತು, ಅವತ್ತು ಯಾಕೆ ಹಂಚಿದೆ ಅನ್ನುವುದೂ ಬಾಯಿಂದ ಬಂದುಬಿಟ್ಟಿತು. ಆ ಕಡೆ ಅಕ್ಕ ಯಾರನ್ನೋ ಕೂಗಿದರು. "ಕನಕಂ, ಕೇಳಿದೆಯಾ? ನಮ್ಮಿಬ್ಬರನ್ನು ಸೇರಿಸಿದ್ದು ಇವಳಲ್ಲವಂತೆ. ಪಿಳ್ಳೈಯಾರ್!" ಇಬ್ಬರೂ ಬಿದ್ದು ಬಿದ್ದು ನಗುವುದು ಕೇಳಿಸಿತು.

ಪಿಳ್ಳೈಯಾರ್ ಅಂದರೆ ನಮ್ಮ ಗಣಪ. ಮದುವೆಯಾಗಿ ಬಂದಾಗಿನಿಂದ ನಾನು ದಿನಾ ಬೈದುಕೊಂಡು ಬಂದಿರುವ ಆನೆಯೇ ನನಗೆ ಸಿಹಿ ನೀರಿನ ಮನೆ ಉಳಿಸಿಕೊಟ್ಟಿತು ಅನ್ನುವುದು ಇಷ್ಟು ವರ್ಷ ಈ ಮಂಕುತಲೆಗೆ ಹೊಳೆದೇ ಇರಲಿಲ್ಲ.

ಸಂಜೆ ಸಿಪ್ಪೆ ಹೂತು ಮಣ್ಣು ಮುಚ್ಚುತ್ತಿದ್ದೆ. ಹೊಲದಾಚೆ ಬಿದಿರು ಲಟಕ್ಕನೆ ಮುರಿಯಿತು. ಒಳಗಿಂದ ಯಜಮಾನರು, "ಬಂದದ ಕಣಮ್ಮಿ, ಡಬ್ಬ ಬಡಿ!" ಅಂತ ಕೂಗಿದರು.

ಡಬ್ಬವನ್ನು ಬಡಿದೆ, ಬಡಿಯದೆ ಇರಲಾಗುತ್ತದೆಯೇ, ಹೊಲದಲ್ಲಿ ರಾಗಿ ಇದೆ. ಆದರೆ ಇವತ್ತು ಮೊದಲು ಕೈ ಮುಗಿದು, ಆಮೇಲೆ ಬಡಿದೆ.