ಎಳೆ ಕೂಡಿಸುತ್ತಿದ್ದ ಅತ್ತೆ

ಹೋದ ಭಾನುವಾರ ಮನೆ ಓನರಮ್ಮನಿಗೆ ಮೀನು ತರಲು ಪಾಪಿರೆಡ್ಡಿಪಟ್ಟಿಯ ಸಂತೆಬೀದಿಗೆ ಹೋಗಿದ್ದೆ. ಅಲ್ಲೊಬ್ಬ ಹೆಂಗಸು ಮೀನು ಹೆಚ್ಚುತ್ತಿದ್ದಳು. ಮೀನು ಕೈಯಿಂದ ಜಾರದಂತೆ, ಪಕ್ಕದ ತೆಂಗಿನ ಚಿಪ್ಪಿನಲ್ಲಿದ್ದ ಒಲೆಬೂದಿಗೆ ಬೆರಳದ್ದಿ ಹಿಡಿಯುತ್ತಿದ್ದಳು. ನನ್ನ ಸರದಿ ಬರುವಷ್ಟರಲ್ಲಿ ಆ ಬೂದಿಯ ವಾಸನೆ ಮೂಗಿಗೆ ಬಂತು. ಸೌದೆ ಉರಿದು ತಣ್ಣಗಾದ ವಾಸನೆ... ಮೀನಿನ ನಾತದ ನಡುವೆಯೂ ಅದು ಬೇರೆಯಾಗಿಯೇ ಇತ್ತು. ಅರ್ಧ ಕಿಲೋ ಎಂದು ಹೇಳಬೇಕಾದವಳು ಸುಮ್ಮನೆ ನಿಂತುಬಿಟ್ಟೆ.

"ಏನಮ್ಮಾ, ಮೀನ್ ತಗೊಳಕ್ ಬಂದ್ಯಾ, ಮೀನ್ಗೆ ಗಂಡ್ ನೋಡಕ್ ಬಂದ್ಯಾ?" ಎಂದು ಹಿಂದಿದ್ದ ಅಜ್ಜಿ ಕೇಳಿದಾಗಲೇ ಎಚ್ಚರವಾಯಿತು.

ಆ ವಾಸನೆ ನನಗೆ ಗೊತ್ತಿದ್ದದ್ದು ಒಬ್ಬರ ಬೆರಳಿನಿಂದ ಮಾತ್ರ.

ಸೇಲಂನಲ್ಲಿ ನಮ್ಮದು ಕನ್ನಡ ಮಾತಾಡುವ ನೇಕಾರರ ಬೀದಿ. ಆರು ವರ್ಷದ ಹಿಂದೆ, ನಾನು ಪ್ಲಸ್ ಟೂ ಓದುತ್ತಿದ್ದಾಗ, ಅಲ್ಲಿ ಹತ್ತೊಂಬತ್ತು ಕೈಮಗ್ಗಗಳಿದ್ದವು. ಮನೆಮನೆಗೂ ಹೋಗಿ ಎಣಿಸಿ ಡೈರಿಯಲ್ಲಿ ಬರೆದಿದ್ದೇನೆ. ಅವುಗಳಲ್ಲೊಂದು ನಮ್ಮ ಎದುರು ಮನೆಯದು. ಅದರಲ್ಲಿ ನೇಯುತ್ತಿದ್ದವರನ್ನು ಮಾಮ ಎಂದೂ, ಅವರ ಹೆಂಡತಿಯನ್ನು ಅತ್ತೆ ಎಂದೂ ಕರೆಯುತ್ತಿದ್ದೆ. ನೆಂಟಸ್ತಿಕೆಯೇನೂ ಇರಲಿಲ್ಲ. ಅತ್ತೆ ಮೇಚೇರಿ ಕಡೆಯ ಕ್ರೈಸ್ತರ ಮನೆಯ ಹೆಣ್ಣು. ನಮ್ಮ ಬೀದಿಯಲ್ಲಿ ಯೇಸುವಿಗೆ ಪ್ರಾರ್ಥನೆ ನಡೆಯುತ್ತಿದ್ದ ಮನೆ ಅದೊಂದೇ. ಭಾನುವಾರ ಮಾಮನೂ ಬಿಳಿ ಅಂಗಿ ಹಾಕಿಕೊಂಡು ಅವರ ಹಿಂದೆ ಚರ್ಚಿನ ಸಭೆಗೆ ಹೋಗುತ್ತಿದ್ದರು. ಅವರಿಗೆ ಮಕ್ಕಳಿರಲಿಲ್ಲ.

ಅತ್ತೆಯ ಕೆಲಸ ಎಳೆ ಕೂಡಿಸುವುದು. ಮಗ್ಗದಲ್ಲಿ ಉದ್ದಕ್ಕೆ ಬಿಗಿದ ಎಳೆಗಳ ಒಂದು ಹಾಸು ನೇಯ್ದು ಮುಗಿದರೆ, ಅದರ ತುದಿಯಲ್ಲಿ ಉಳಿದ ಒಂದೊಂದು ಎಳೆಗೂ ಹೊಸ ಹಾಸಿನ ಒಂದೊಂದು ಎಳೆಯನ್ನು ಹೊಸೆದು ಸೇರಿಸಬೇಕು. ಗಂಟು ಹಾಕುವಂತಿಲ್ಲ, ಗಂಟು ಬಾಚಣಿಗೆಯಂಥ ಅಚ್ಚಿನ ಹಲ್ಲುಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಬೆರಳನ್ನು ಬೂದಿಗೆ ಅದ್ದಿ, ಎರಡು ತುದಿಗಳನ್ನು ಹಿಡಿದು ಒಮ್ಮೆ ತಿರುಗಿಸಿ ಬಿಡುತ್ತಿದ್ದರು, ಅಷ್ಟೇ. ಒಂದು ಸೀರೆ ಹಾಸಿಗೆ ನಾಲ್ಕು ಸಾವಿರಕ್ಕೂ ಹೆಚ್ಚು ಎಳೆ. ನಾನು ಗಡಿಯಾರ ಇಟ್ಟುಕೊಂಡು ನೋಡಿದ್ದೆ: ನಿಮಿಷಕ್ಕೆ ಒಂಬತ್ತು. ಬೆಳಗ್ಗೆ ಮಗ್ಗದೊಳಗೆ ಕೂತರೆ ದೀಪ ಹಚ್ಚುವ ಹೊತ್ತಿಗೆ ಏಳುತ್ತಿದ್ದರು. ತಮ್ಮ ಮನೆಯ ಮಗ್ಗಕ್ಕಷ್ಟೇ ಅಲ್ಲ, ಬೀದಿಯ ಎಲ್ಲ ಮಗ್ಗಗಳಿಗೂ ಅವರೇ. ಅವರು ಕೂಡಿಸಿದ ಎಳೆ ಬಿಚ್ಚಿಕೊಂಡಿತೆಂದು ಯಾರೂ ದೂರಿದ್ದು ನೆನಪಿಲ್ಲ.

"ಏ ಕಣಕ್ಕುಪಿಳ್ಳೆ, ಇವತ್ತು ಎಷ್ಟು?" ಎಂದು ಕೇಳುತ್ತಿದ್ದರು. ಲೆಕ್ಕ ಬರೆಯುವವರಿಗೆ ತಮಿಳಿನಲ್ಲಿ ಇರುವ ಹೆಸರು ಅದು. ಬೀದಿಯೆಲ್ಲ ನನ್ನನ್ನು ಹಾಗೆಯೇ ಕರೆಯುತ್ತಿತ್ತು. ನಲ್ಲಿಯಲ್ಲಿ ನೀರು ಬಂದ ದಿನ, ಕರೆಂಟು ಹೋದ ಹೊತ್ತು, ಅಪ್ಪನ ಮಗ್ಗದಲ್ಲಿ ತುಂಡಾದ ಎಳೆ, ಎಲ್ಲವನ್ನೂ ಬರೆದಿಡುತ್ತಿದ್ದೆ. ಅದನ್ನು ಯಾರೂ ಓದಲು ಕೇಳಿದ್ದಿಲ್ಲ.

ಮೊದಲು ಕೇಳಿದವರು ಮಾಮ.

"ನೀರ್ ಬಂದಿದ್ದ ಬರ್ದು ಏನ್ ಬಂತಮ್ಮೀ? ಈ ನಂಬರ್ ಬರ್ದಿಡು. ನಿನ್ ತಲೆಗೆ ತಕ್ಕ ವೇಲೆ ಐತೆ" ಎಂದರು. ಮೂಲೆಯ ಬೀಡಿ ಅಂಗಡಿಯಲ್ಲಿ ಕದ್ದುಮುಚ್ಚಿ ಮಾರುತ್ತಿದ್ದ ಮೂರು ನಂಬರಿನ ಲಾಟರಿ ಚೀಟಿಯ ಲೆಕ್ಕವೇ ಅವರು ಹೇಳಿದ ವೇಲೆ, ಅಂದರೆ ಕೆಲಸ. ದಿನವೂ ಮಧ್ಯಾಹ್ನ ಗೆದ್ದ ನಂಬರು ಮಾಮನ ಫೋನಿಗೆ ಬರುತ್ತಿತ್ತು. ನಾನು ಶಾಲೆಯಿಂದ ಬಂದು ಅದನ್ನು ಬರೆದುಕೊಳ್ಳುತ್ತಿದ್ದೆ. ಕೊನೆಯ ಅಂಕಿಗೆ ಒಂದು ಕಾಲಂ, ನಡುವಿನದಕ್ಕೆ ಒಂದು. ಅದು ತಪ್ಪು ಎಂದು ಅನ್ನಿಸಲೇ ಇಲ್ಲ. ನನ್ನ ಪಟ್ಟಿ ಒಬ್ಬರಿಗೆ ಬೇಕಾಗಿದೆಯಲ್ಲ ಎಂಬ ಹೆಮ್ಮೆ ಮಾತ್ರ ಇತ್ತು.

ಎರಡು ತಿಂಗಳಾದ ಮೇಲೆ ಒಂದು ಸಂಜೆ, "ಕೊನೇಲಿ ಏಳು ಬಂದು ಬಾಳ ದಿನ ಆಯ್ತು ಮಾಮಾ, ಇನ್ ಬರ್ಬೇಕು" ಎಂದೆ. ನಿನ್ನೆಯ ಅಂಕಿಗೂ ನಾಳೆಯ ಅಂಕಿಗೂ ಯಾವ ನಂಟೂ ಇಲ್ಲವೆಂದು ಅಷ್ಟರಲ್ಲಾಗಲೇ ಗಣಿತದ ಪಾಠದಲ್ಲಿ ಓದಿದ್ದೆ... ಆದರೂ ಹೇಳಿದೆ. ಮರುದಿನ ಏಳೇ ಬಂತು. ಏಳರಲ್ಲಿ ಮುಗಿಯುವ ಚೀಟಿಗಳನ್ನೇ ಕಂತೆಗಟ್ಟಲೆ ಕೊಂಡಿದ್ದ ಮಾಮನಿಗೆ ದೊಡ್ಡ ಮೊತ್ತವೇ ಸಿಕ್ಕಿತು. ನನಗೆ ಕೆಂಪು ರಟ್ಟಿನ ಹೊಸ ಡೈರಿ ತಂದುಕೊಟ್ಟರು. ಬೀದಿಗೆಲ್ಲ ಮೈಸೂರುಪಾಕು ಹಂಚಿದರು. ಅತ್ತೆ ಮಾತ್ರ ತಿನ್ನಲಿಲ್ಲ.

ಆ ಭಾನುವಾರ ನಾನೂ ಅವರ ಜೊತೆ ಸಭೆಗೆ ಹೋಗಿದ್ದೆ. ಅತ್ತೆ ಹಾಡುವುದನ್ನು ಕೇಳಲು ಆಗಾಗ ಹೋಗುವುದಿತ್ತು. ಹಾಡಿನ ನಡುವೆ ಕಾಣಿಕೆಯ ಚೀಲ ಸಾಲಿನಿಂದ ಸಾಲಿಗೆ ಬಂತು. ಮಾಮ ಎಲ್ಲರಿಗೂ ಕಾಣುವಂತೆ ಮಡಿಸಿದ ನೋಟುಗಳ ಒಂದು ಕಟ್ಟು ಹಾಕಿದರು. ಚೀಲ ಹೆಂಗಸರ ಕಡೆಗೆ ಬಂದಾಗ ಅತ್ತೆ ಅದರೊಳಗೆ ಕೈ ಹಾಕಿ ಆ ಕಟ್ಟನ್ನು ತೆಗೆದರು. ನಡುವಿನ ಹಾದಿ ದಾಟಿ ಹೋಗಿ ಮಾಮನ ಅಂಗಿಯ ಜೇಬಿಗೆ ಇಟ್ಟರು. ಹಾಡು ನಿಂತುಹೋಯಿತು.

ದೇವರಿಗೆ ಕೊಟ್ಟದ್ದನ್ನು ಹಿಂದಕ್ಕೆ ತೆಗೆಯಬಾರದಮ್ಮಾ ಎಂದು ಸಭೆಯ ಹಿರಿಯರು ತಮಿಳಿನಲ್ಲಿ ಮೆಲ್ಲಗೆ ಹೇಳಿದರು. ಸಭೆಯಲ್ಲಿ ಯಾವಾಗಲೂ ತಮಿಳೇ ಆಡುತ್ತಿದ್ದ ಅತ್ತೆ ಅವತ್ತು ಕನ್ನಡದಲ್ಲೇ ಉತ್ತರ ಕೊಟ್ಟರು.

"ಇದು ನಾವ್ ದುಡ್ದಿದ್ದಲ್ಲ ಅಯ್ಯಾ. ಸೋತವ್ರ ಮನ್ಯಾಗೆ ಇವತ್ತು ಒಲೆ ಅಚ್ಚಿರಲ್ಲ. ಅವ್ರ ಅಕ್ಕಿ ಇದು. ಸಾಮಿಗೆ ಎಂಗ್ ಕೊಡ್ಲಿ?"

ಎಷ್ಟು ಜನಕ್ಕೆ ಅರ್ಥವಾಯಿತೋ ತಿಳಿಯದು. ಮಾಮನಿಗೆ ಆಗಿತ್ತು. ಎದ್ದು, ಬಾಗಿಲಲ್ಲಿ ಚಪ್ಪಲಿ ಹುಡುಕಿ, ಹೊರಟುಹೋದರು. ಮತ್ತೆ ಸಭೆಗೆ ಬರಲಿಲ್ಲ. ಮರುದಿನದಿಂದ ಮಗ್ಗಕ್ಕೂ ಕೂರಲಿಲ್ಲ. ಬೆಳಗಾದರೆ ಬೀಡಿ ಅಂಗಡಿಯ ಬೆಂಚಿನ ಮೇಲೆ ಇರುತ್ತಿದ್ದರು.

ಎದುರು ಮನೆಯ ಮಗ್ಗದ ಸದ್ದು ನಿಂತ ಐದನೆಯ ದಿನ ಅತ್ತೆ ಅದರೊಳಗೆ ಕೂತು ಹೊಸ ಹಾಸಿನ ಎಳೆ ಕೂಡಿಸತೊಡಗಿದರು. ನೇಯುವವರೇ ಇಲ್ಲದ ಮಗ್ಗಕ್ಕೆ! ನಾನು ಹೋಗಿ ಪಕ್ಕದಲ್ಲಿ ಕೂತೆ. ಬೈಯುತ್ತಾರೆ ಎಂದುಕೊಂಡಿದ್ದೆ, ಬೈಯಲಿಲ್ಲ. ಬೆರಳು ನಿಲ್ಲಿಸದೆ, ಪ್ರೀತಿ ಬಂದಾಗ ಕರೆಯುವಂತೆ ‘ಕಣ್ಣು’ ಎಂದು ಕರೆದು ಮಾತಾಡಿದರು.

"ಯೇಸುಸಾಮೀನ ಸಿಲುಬೆಗ್ ಏರ್ಸಿದ್ರಲ್ಲಾ, ಅವ್ರದು ಒಂದ್ ಅಂಗಿ ಇತ್ತು ಕಣ್ಣು. ಒಲಿಗೆ ಇಲ್ದಿದ್ದು. ಮ್ಯಾಲಿಂದ ಕೆಳಗಂಟ ಒಂದೇ ನೇಯ್ಗೆ. ಅರುದ್ರೆ ಕೆಟ್ಟೋಯ್ತದೆ ಅಂತ ಸಿಪಾಯಿಗೋಳು ಅದ್ರ ಮ್ಯಾಲೆ ಚೀಟಿ ಆಕಿದ್ರು."

"ಯಾರ್ ಗೆದ್ರು ಅತ್ತೆ?"

"ನೋಡು, ನೀನೂ ಅದ್ನೇ ಕೇಳ್ತೀಯ." ಸ್ವಲ್ಪ ನಕ್ಕರು. "ನಂಗೆ ಅದ ನೇಯ್ದವ್ರೇ ಗ್ಯಾನಕ್ ಬರೋದು. ಅಂತಾದ್ ನೇಯಕ್ಕೆ ಎಷ್ಟ್ ದಿನ ಕೂತಿದ್ರೋ ಏನೋ. ಸಾಮಿ ಮ್ಯಾಲೆ ನೋಯ್ತಾ ಅವ್ರೆ, ಕೆಳಗೆ ಇವ್ರು ಆಟ ಆಡ್ತಾ ಅವ್ರೆ. ಆಟಕ್ ಕೂತವ್ರಿಗೆ ತಲೆ ಎತ್ತಿ ನೋಡಕ್ಕೂ ಆಗಲ್ಲ. ನಿಮ್ಮಾಮ ಅಂಗೇ ಆಗ್ಬಿಟ್ಟವ್ರೆ."

ಬೂದಿಗೆ ಬೆರಳದ್ದಿ ಇನ್ನಷ್ಟು ಎಳೆ ಕೂಡಿಸಿದರು. ಆಮೇಲೆ, "ಆ ದುಡ್ಡು ಚೀಲದಿಂದ ತಗದಿದ್ದು ಸರೀನೇ. ಎಲ್ಲಾರ ಮುಂದೆ ತಗದಿದ್ದು ತಪ್ಪಾಯ್ತೋ ಏನೋ" ಎಂದರು. ಮೊದಲ ಸಲ ಬೆರಳು ನಿಂತಿತು. "ನಿನ್ ಮಾತು ಅಂದ್ರೆ ಅವ್ರಿಗೆ ನಂಬ್ಕೆ. ನಾಳಿಕ್ ಯಾವ ನಂಬರ್ ಬರ್ತೈತೆ ಅಂತ ಯಾರ್ಗೂ ಗೊತ್ತಾಗಲ್ಲ ಅಂತ ನೀನೇ ಒಂದ್ ಮಾತು ಏಳು. ನಾನ್ ಏಳಿದ್ರೆ ಸಭೇಲಿ ಮಾಡ್ದಂಗೆ ಪ್ರಸಂಗ ಮಾಡ್ತಾಳೆ ಅಂತಾರೆ. ಒಂದ್ ಸಲ ಬಂದು ಮಗ್ಗಕ್ ಕೂತ್ರೆ ಸಾಕು. ಎಳೆ ಎಲ್ಲಾ ಕೂಡ್ಸಿಟ್ಟಿರ್ತೀನಿ."

ಹೇಳುತ್ತೇನೆ ಎಂದೆ. ಆದರೆ ಹೇಳಲಿಲ್ಲ.

ಮೊದಲೆರಡು ದಿನ ಪರೀಕ್ಷೆಯ ನೆಪ. ಆಮೇಲೆ ನೆಪವೂ ಇರಲಿಲ್ಲ. ನಾನು ತಪ್ಪು ಹೇಳಿದೆ ಎಂದು ಮಾಮನ ಮುಂದೆ ಒಪ್ಪಿಕೊಳ್ಳಲು ನಾಚಿಕೆ. ಅವರು ಬೆಂಚಿನಿಂದಲೇ ಕೈಯೆತ್ತಿ, "ಏನ್ ಕಣಕ್ಕುಪಿಳ್ಳೆ, ಇವತ್ತು ಏನ್ ಏಳ್ತೈತೆ ನಿನ್ ಪುಸ್ತಕ?" ಎಂದರೆ ನಕ್ಕು ಮುಂದೆ ಹೋಗಿಬಿಡುತ್ತಿದ್ದೆ. ಹಾಗೆ ಹನ್ನೊಂದು ದಿನ. ಡೈರಿಯಲ್ಲಿ ಆ ಹನ್ನೊಂದು ಪುಟಗಳಲ್ಲೂ 'ನಾಳೆ ಹೇಳಬೇಕು' ಎಂದೇ ಇದೆ.

ಹನ್ನೆರಡನೆಯ ದಿನ ಬೆಳಗ್ಗೆ ಒಂದು ಟೆಂಪೊ ಬಂತು. ಇಬ್ಬರು ಗಂಡಸರು ಮಗ್ಗದ ಕಂಬಗಳನ್ನು ಕಿತ್ತರು. ಮಾಮ ಅದನ್ನು ಮಾರಿಬಿಟ್ಟಿದ್ದರು. ಅಚ್ಚು ಬಿಚ್ಚಲು ಹಾಸು ಅಡ್ಡವಾಗಿತ್ತೆಂದು ಒಬ್ಬ ಅದನ್ನು ಕತ್ತರಿಸಿದ. ನಾಲ್ಕು ಸಾವಿರ ಎಳೆ, ಎರಡು ಸಲ ಕತ್ತರಿ ಆಡಿಸುವಷ್ಟರಲ್ಲಿ... ಅತ್ತೆ ಅಳಲಿಲ್ಲ. ಕತ್ತರಿಸಿದ ಹಾಸನ್ನು ಮಗುವಿನ ತಲೆಗೂದಲಿನಂತೆ ಕೈಯಲ್ಲಿ ನೇವರಿಸಿ ಸುತ್ತಿಟ್ಟರು.

ಅವತ್ತು ಸಂಜೆ ಮಾಮನಿಗೆ ಹೇಳಿದೆ. ನಂಬರಿಗೆ ಲೆಕ್ಕವೇ ಇಲ್ಲ, ನಾನು ಅಂದದ್ದು ಸುಳ್ಳು ಎಂದೆ. "ಓಗಮ್ಮೀ, ನಂಬರ್ನ ಬೇರೆ ಯಾರ್ಗೋ ಏಳಕ್ ಒಂಟಿದ್ದೀಯ" ಎಂದು ನಕ್ಕರು. ಆ ವಾರವೇ ಯಾರಿಗೂ ಹೇಳದೆ ಊರು ಬಿಟ್ಟರು.

ಅತ್ತೆ ಇನ್ನೊಂದು ವರ್ಷ ಬೇರೆಯವರ ಮಗ್ಗಗಳಲ್ಲಿ ಎಳೆ ಕೂಡಿಸಿಕೊಂಡು ಇದ್ದರು. ಅಷ್ಟರಲ್ಲಿ ಬೀದಿಯ ಮಗ್ಗಗಳು ಹನ್ನೆರಡಕ್ಕೆ ಇಳಿದಿದ್ದವು. ಕೊನೆಗೆ ಮೇಚೇರಿಯ ತಂಗಿ ಮನೆಗೆ ಹೊರಟರು. ಅವರನ್ನು ಬಸ್ಸು ಹತ್ತಿಸಿದ್ದು ನಾನೇ. ನನ್ನ ಹನ್ನೊಂದು ದಿನದ ವಿಷಯ ಅವರು ಒಮ್ಮೆಯೂ ಎತ್ತಲಿಲ್ಲ. "ದಿನಾ ಅವ್ರಿಗೋಸ್ಕರ ಪ್ರಾರ್ಥನೆ ಮಾಡು ಕಣ್ಣು, ನಿಂಗ್ ಗೊತ್ತಿರೋ ಸಾಮಿಗೇ ಮಾಡು" ಎಂದರು. ಆಮೇಲೆ ನಾನು ಕಾಲೇಜು, ಕೆಲಸ ಎಂದು ಈ ಕಡೆಗೆ ಬಂದೆ. ಮೇಚೇರಿಗೆ ಹೋಗಬೇಕು ಎಂದು ಎಷ್ಟೋ ಸಲ ಬರೆದುಕೊಂಡೆ...

ಭಾನುವಾರ ಮೀನು ಓನರಮ್ಮನಿಗೆ ಕೊಟ್ಟು, ಕೈ ತೊಳೆಯುವ ಮೊದಲೇ ಅಮ್ಮನಿಗೆ ಫೋನ್ ಮಾಡಿದೆ. ಅತ್ತೆಯ ತಂಗಿಯ ನಂಬರ್ ಇದೆಯೇ ಎಂದೆ.

"ಯಾಕಮ್ಮೀ? ನಿಮ್ಮತ್ತೆ ಸತ್ತೋಗಿ ಎಷ್ಟ್ ದಿನ ಆಯ್ತು. ನಿಂಗೆ ಏಳ್ಳೇ ಇಲ್ವಾ ನಾನು?" ಎಂದಳು ಅಮ್ಮ. ಹೋದ ಮಳೆಗಾಲದಲ್ಲಂತೆ. ಜ್ವರವಂತೆ. ಮೇಚೇರಿ ಸಂತೆಗೆ ಹೋಗಿದ್ದವರು ಯಾರೋ ಬಂದು ಹೇಳಿದ್ದಂತೆ. ಮಾಮನಿಗೆ ಗೊತ್ತೇ ಎಂದೆ. "ಅವ್ನಿಗೆ ಯಾರ್ ಏಳ್ತಾರೆ? ಧರ್ಮಪುರಿ ಬಸ್ ಸ್ಟ್ಯಾಂಡ್‌ನಾಗೆ ಯಾವ್ದೋ ಟೀ ಅಂಗ್ಡೀಲಿ ಅವ್ನೆ ಅಂತ ನಿಮ್ಮಪ್ಪನತ್ರ ಯಾರೋ ಅಂದಿದ್ರು."

ಸೋಮವಾರ ಬೆಳಗಿನ ಮೊದಲ ಬಸ್ಸಿಗೇ ಧರ್ಮಪುರಿಗೆ ಹೋದೆ. ಮೂರನೆಯ ಅಂಗಡಿಯಲ್ಲಿ ಸಿಕ್ಕರು. ಗ್ಲಾಸು ತೊಳೆಯುತ್ತಿದ್ದರು. ತಲೆ ಪೂರಾ ಬೆಳ್ಳಗಾಗಿತ್ತು. ನನ್ನನ್ನು ಗುರುತಿಸಲು ಸ್ವಲ್ಪ ಹೊತ್ತು ಬೇಕಾಯಿತು.

"ಕಣಕ್ಕುಪಿಳ್ಳೆನಾ?" ಎಂದು ಒದ್ದೆ ಕೈಯನ್ನು ಲುಂಗಿಗೆ ಒರೆಸಿಕೊಂಡರು. ಟೀ ತಂದುಕೊಟ್ಟರು, ದುಡ್ಡು ಬೇಡವೆಂದರು. "ಚೀಟಿ ಎಲ್ಲಾ ಬಿಟ್ಬಿಟ್ಟೆ. ಎರಡ್ ವರ್ಸ ಆಯ್ತು. ಬೆಳಗ್ಗೆ ಐದಕ್ ಬಂದ್ರೆ ಸಂಜೆ ಗಂಟ ಇಲ್ಲೇ ವೇಲೆ. ಈ ಕ್ರಿಸ್ಮಸ್‌ಗೆ ಮೇಚೇರಿಗ್ ಓಗ್ಬೇಕು ಅಂತ ಐತೆ. ದುಡ್ದ ದುಡ್ಡಾಗೆ ಒಂದ್ ಸೀರೆ ತಗೊಂಡು. ಒಳಿಕ್ ಸೇರ್ಸ್ತಾಳೆ ಅಲ್ವಾ? ನೀ ಏನಂತೀಯ?"

ಈ ಸಲ ತಡ ಮಾಡಲಿಲ್ಲ. ಟೀ ಕೆಳಗಿಟ್ಟು ಹೇಳಿದೆ.

ಮಾಮ ಬಸ್ಸುಗಳ ಕಡೆ ನೋಡುತ್ತ ನಿಂತರು. ಒಳಗಿನಿಂದ ಯಾರೋ ಗ್ಲಾಸು ಕೇಳಿದರು, ಅವರಿಗೆ ಕೇಳಿಸಲಿಲ್ಲ.

"ಯಾವತ್ತು?"

"ಮಳೆಗಾಲದಾಗೆ ಅಂತೆ ಮಾಮಾ."

"ತಾರೀಕ್ ಯಾವ್ದು ಅಂತ ಏಳು. ನೀ ಎಲ್ಲಾ ಬರ್ದಿಡ್ತೀಯಲ್ಲಾ."

"ಬರ್ದಿಲ್ಲ ಮಾಮಾ" ಎಂದೆ. "ಅದೊಂದು ನನ್ನತ್ರ ಇಲ್ಲ."