ಮೇಷ್ಟ್ರ ಮೂವತ್ತಾರು ಟೀ ಶರ್ಟು

ಗಾರ್ಮೆಂಟ್ಸ್ ಫ್ಯಾಕ್ಟರಿಯ ಕಟಿಂಗ್ ಮೆಷಿನ್‌ಗೆ ಸಿಕ್ಕಿ ಎಡಗೈಯ ತೋರುಬೆರಳು, ನಡುಬೆರಳು ಹೋದಾಗ ಅವಳಿಗೆ ಮೂವತ್ತೆಂಟು. ಗಾಯ ಮಾಯ್ದ ಮೇಲೆ ಅತ್ತೆ ಹೇಳಿದರು, "ಮೂರು ಬೆರಳಲ್ಲಿ ಅದೇನು ಹೊಲಿತೀಯ? ಸುಮ್ನೆ ಮನೇಲಿರು."

ಅವಳು ಹರಿದ ಬೆಡ್‌ಶೀಟುಗಳನ್ನು ಮೆಷಿನ್ ಮೇಲೆ ಹಾಕಿಕೊಂಡು, ಬಟ್ಟೆಯನ್ನು ಬೆರಳಿನ ಬದಲು ಅಂಗೈಯಿಂದ ಒತ್ತಿ ತಳ್ಳುವುದನ್ನು ಎಂಟು ತಿಂಗಳು ಅಭ್ಯಾಸ ಮಾಡಿದಳು. ಹೊಲಿಗೆ ಗೆರೆ ಎಳೆದಂತೆ ನೆಟ್ಟಗೆ ಬಂದ ದಿನ ಅತ್ತೆ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, "ಮೊಂಡುಗೈ, ಮೊಂಡುಬುದ್ಧಿ ಎರಡನ್ನೂ ಒಬ್ಬಳಿಗೇ ಕೊಟ್ಟುಬಿಟ್ಟ ದೇವರು," ಎಂದರು. ಅದು ಬೈಗುಳವಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಜೆರಾಕ್ಸ್ ಅಂಗಡಿಯ ಪಕ್ಕ, ಮಹಡಿ ಮೆಟ್ಟಿಲ ಕೆಳಗಿನ ಗೂಡಿನಂಥ ಜಾಗದಲ್ಲಿ ಅವಳು ಅಂಗಡಿ ಇಟ್ಟಳು. ಪ್ಯಾಂಟು ಗಿಡ್ಡ ಮಾಡುವುದು, ಸೊಂಟ ಬಿಡಿಸುವುದು, ಎಲ್ಲಕ್ಕಿಂತ ಹೆಚ್ಚಾಗಿ ಜಿಪ್ ಹಾಕುವುದು. ಬೀದಿಗೆಲ್ಲ ಅವಳು ಜಿಪ್ಪಕ್ಕ ಆದಳು.

ಅಂಗಡಿಗೆ ಒಂಬತ್ತು ವರ್ಷವಾದಾಗ, ಅರವತ್ತು ದಾಟಿದ ಹೆಂಗಸೊಬ್ಬರು ಸೂಟ್‌ಕೇಸ್ ಹಿಡಿದು ಬಂದರು. ಹತ್ತಿರದ ಶಾಲೆಯ ಆಟದ ಮೇಷ್ಟ್ರ ಹೆಂಡತಿ. ಮೇಷ್ಟ್ರು ತೀರಿಕೊಂಡು ವರ್ಷವಾಗಿತ್ತು. ಸೂಟ್‌ಕೇಸಿನಲ್ಲಿ ಮೂವತ್ತಾರು ಟೀ ಶರ್ಟು, ವರ್ಷಕ್ಕೊಂದರಂತೆ ಶಾಲೆಯ ತಂಡದ್ದು.

"ಯಾರಿಗೂ ಕೊಡೋಕೆ ಮನಸ್ಸಿಲ್ಲ. ಬೀರುವಿನಲ್ಲಿ ನೋಡೋಕೂ ಆಗಲ್ಲ. ಹೊದ್ದುಕೊಳ್ಳೋ ಹಾಗೆ ಒಂದು ಕೌದಿ ಮಾಡಿಕೊಡ್ತೀಯಾ?"

ಜಿಪ್ಪಕ್ಕ ಅಂಥದ್ದನ್ನು ಹೊಲಿದವಳೇ ಅಲ್ಲ. ಆದರೂ ಬಾಯಿಂದ "ಮಾಡ್ತೀನಮ್ಮ" ಎಂದು ಬಂದುಬಿಟ್ಟಿತು.

ಮೊದಲು ಗಂಡನ ಎರಡು ಹಳೆಯ ಟೀ ಶರ್ಟು ಕತ್ತರಿಸಿ ಜೋಡಿಸಿದಳು. ಬಟ್ಟೆ ರಬ್ಬರಿನಂತೆ ಎಳೆದುಕೊಂಡು ಅಲೆ ಅಲೆಯಾಯಿತು. ಗಂಡ ಎತ್ತಿ ನೋಡಿ, "ಇದನ್ನ ಹೊದ್ದುಕೊಳ್ಳಬೇಕೋ, ಇದರಲ್ಲಿ ಈಜಬೇಕೋ?" ಎಂದ. ಹಿಂದೆ ಗಟ್ಟಿಯಾಗಿ ಏನಾದರೂ ಇದ್ದರೆ ಬಟ್ಟೆ ಎಳೆಯಲಾರದು ಎಂದು ಅವಳಿಗೆ ಹೊಳೆಯಿತು. ಶರ್ಟಿನ ಕಾಲರ್ ಒಳಗೆ ಇಸ್ತ್ರಿಯಿಂದ ಅಂಟಿಸುವ ಬಟ್ಟೆಯನ್ನೇ ತೆಳುವಾದದ್ದು ನೋಡಿ ತಂದಳು. ಗಂಡನ ಟೀ ಶರ್ಟಿಗೆ ಚೆನ್ನಾಗಿ ಕೂತಿತು. ಆ ಧೈರ್ಯದಲ್ಲಿ ಮೇಷ್ಟ್ರ ಸೂಟ್‌ಕೇಸಿನ ಮೇಲಿದ್ದ ಹಳದಿ ಟೀ ಶರ್ಟನ್ನು ಒಳಮಗ್ಗುಲು ಹೊರಗೆ ಮಾಡಿ, ಒಳಗೊಂದು ಹಲಗೆಯಿಟ್ಟು ಹಾಸಿದಳು.

ಗಂಡನವು ಬರಿ ಬಟ್ಟೆಯವು, ಇದರ ಎದೆಯ ಮೇಲೆ ರಬ್ಬರ್ ಅಕ್ಷರಗಳಿದ್ದವು. ಬಿಸಿಗೆ ಕರಗಿ, ಒಳಗಿಟ್ಟ ಹಲಗೆಗೆ ಅಂಟಿ, ಎತ್ತಿದಾಗ ಶಾಲೆಯ ಹೆಸರು ಅರ್ಧ ಹಲಗೆಯಲ್ಲೇ ಉಳಿಯಿತು.

"ಹೇಳಬೇಡ. ಒಂದು ಕಡಿಮೆ ಆದ್ರೆ ಯಾರು ಎಣಿಸ್ತಾರೆ?" ಎಂದ ಗಂಡ.

"ಅವರು ಎಣಿಸ್ತಾರೆ," ಎಂದು ಅವಳು ಅದೇ ಸಂಜೆ ಹೋಗಿ ಹೇಳಿದಳು.

ಮೇಷ್ಟ್ರ ಹೆಂಡತಿ ಕರಗಿದ ಅಕ್ಷರಗಳ ಮೇಲೆ ಕೈಯಾಡಿಸಿದರು. ಆಮೇಲೆ, "ಉಳಿದವನ್ನ ವಾಪಸ್ ತಂದುಕೊಡಮ್ಮ, ಸಾಕು," ಎಂದರು. ಬೈದಿದ್ದರೆ ವಾಸಿಯಿತ್ತು. ಸೂಟ್‌ಕೇಸನ್ನು ತಲುಪಿಸಿ ಹೊರಡುವಾಗ ಜಿಪ್ಪಕ್ಕ ಬಾಗಿಲಲ್ಲಿ ನಿಂತು, "ಆ ಹಳದೀದು ಮಾತ್ರ ಇನ್ನೂ ಎಸೀಬೇಡಿ," ಎಂದಳು.

ಅವಳ ಟ್ರಂಕಿನ ತಳದಲ್ಲಿ ಫ್ಯಾಕ್ಟರಿಯವರು ವರ್ಷಕ್ಕೊಂದರಂತೆ ಕೊಟ್ಟ ಒಂಬತ್ತು ಟೀ ಶರ್ಟುಗಳಿದ್ದವು. ಎಲ್ಲಕ್ಕೂ ರಬ್ಬರ್ ಅಕ್ಷರ. ಕೊನೆಯದು ಬೆರಳು ಹೋದ ದಿನ ತೊಟ್ಟಿದ್ದು. ಎಷ್ಟು ಒಗೆದರೂ ಹೊಟ್ಟೆಯ ಬಳಿ ಕಂದು ಕಲೆ ಉಳಿದಿತ್ತು. ಕತ್ತರಿ ಹಿಡಿದವಳಿಗೆ ಕೈ ಬರಲಿಲ್ಲ. ಬೇರೆಯವರ ನೆನಪಿಗೆ ಕತ್ತರಿ ಹಾಕಲು ಹೊರಟವಳು ತನ್ನದಕ್ಕೆ ಹೆದರಿದರೆ ಹೇಗೆ ಎಂದುಕೊಂಡು ಕಲೆಯಿದ್ದದ್ದನ್ನೇ ಮೊದಲು ಕತ್ತರಿಸಿದಳು.

ಈ ಸಲ ಅವಸರ ಮಾಡಲಿಲ್ಲ. ಟೀ ಶರ್ಟನ್ನು ಬಿಡಿಸಿ, ಅಕ್ಷರ ಕೆಳಮುಖವಾಗಿ ಮೆತ್ತನೆಯ ಟವಲ್ ಮೇಲೆ ಹಾಸಿದಳು. ಅದರ ಮೇಲೆ ಅಂಟಿಸುವ ಬಟ್ಟೆ, ಅದರ ಮೇಲೆ ಒದ್ದೆ ಬಟ್ಟೆಯಿಟ್ಟು, ಇಸ್ತ್ರಿಯನ್ನು ಉಜ್ಜದೆ ಎತ್ತೆತ್ತಿ ಒತ್ತಿದಳು. ಮೆಷಿನ್ ರಿಪೇರಿಯವನನ್ನು ಕೇಳಿ ಮೊನೆ ಉರುಟಾದ ಸೂಜಿ ತರಿಸಿದಳು, ಅದು ಹೆಣಿಗೆ ಬಟ್ಟೆಯ ಎಳೆ ಕಡಿಯುವುದಿಲ್ಲ. ಮೂರು ಸಲ ಬಿಚ್ಚಿ ಹೊಲಿದಳು. ಅತ್ತೆ ಪಕ್ಕದಲ್ಲಿ ಕೂತು ದಾರ ಬಿಚ್ಚಿಕೊಟ್ಟರು. ಐದನೇ ವಾರಕ್ಕೆ ಮೂರು ಸಾಲಿನಲ್ಲಿ ಮೂರು ಮೂರು ಚೌಕದ ಪುಟ್ಟ ಕೌದಿ ಸಿದ್ಧವಾಯಿತು. ಒಂದು ಅಕ್ಷರವೂ ಅಳಿಸಿರಲಿಲ್ಲ.

ಅದನ್ನು ಮಡಿಚಿಕೊಂಡು ಮೇಷ್ಟ್ರ ಮನೆಗೆ ಹೋದಳು. ಮೇಷ್ಟ್ರ ಹೆಂಡತಿ ಕೌದಿಯನ್ನು ಎಳೆದು ನೋಡಿದರು, ಹಿಂದು ಮುಂದು ತಿರುಗಿಸಿದರು. ಬೆರಳು ಕಂದು ಕಲೆಯ ಮೇಲೆ ನಿಂತಿತು.

"ಇದು?"

"ನನ್ನ ಬೆರಳು ಹೋದ ದಿನದ್ದಮ್ಮ."

"ಇದನ್ನ ಯಾಕೆ ಹಾಕಿದೆ?"

"ಆ ಫ್ಯಾಕ್ಟರೀಲಿ ನಾನು ಒಂಬತ್ತು ವರ್ಷ ಇದ್ದೆ. ಎಂಟು ಅಂತ ಹೇಗೆ ಹೊಲೀಲಿ?"

ಅವರು ಎದ್ದು ಒಳಗೆ ಹೋದರು. ಸೂಟ್‌ಕೇಸ್ ಎಳೆಯುವ ಸದ್ದು ಕೇಳಿಸಿತು. ತಂದು ಮುಚ್ಚಳ ತೆಗೆದಾಗ ಹಳದಿ ಟೀ ಶರ್ಟು ಎಲ್ಲಕ್ಕಿಂತ ಮೇಲಿತ್ತು.

ಎರಡು ತಿಂಗಳು ಹಿಡಿಯಿತು. ಆರು ಸಾಲು, ಸಾಲಿಗೆ ಆರು ಚೌಕ. ಹಳದಿಯದರ ಎದೆ ಕೆಟ್ಟಿತ್ತು, ಬೆನ್ನು ಚೆನ್ನಾಗಿತ್ತು. ಅದನ್ನೇ ಹಾಕಿದಳು.

ಒಂದು ಮಧ್ಯಾಹ್ನ ಕೌದಿಯನ್ನು ಹೆಗಲ ಮೇಲೆ ಹೊತ್ತು ತಂದು ಅವರ ಮಂಚದ ಮೇಲೆ ಹಾಸಿದಳು. ಮೇಷ್ಟ್ರ ಹೆಂಡತಿ ಚಪ್ಪಲಿ ಬಿಟ್ಟು, ಕೌದಿಯೊಳಗೆ ಸೇರಿ, ಕತ್ತಿನವರೆಗೆ ಎಳೆದುಕೊಂಡು ಕಣ್ಣು ಮುಚ್ಚಿದರು. ಸ್ವಲ್ಪ ಹೊತ್ತಿಗೆ ಉಸಿರು ನಿಧಾನವಾಯಿತು. ಜಿಪ್ಪಕ್ಕ ಕುರ್ಚಿ ಎಳೆದುಕೊಂಡು ಕೂತಳು.

ಗಂಟೆಯ ಮೇಲೆ ಎಚ್ಚರವಾದಾಗ ಅವರು ಗಾಬರಿಯಾದರು. "ನೀನಿನ್ನೂ ಇಲ್ಲೇ ಇದೀಯಾ?"

"ಒಗೆಯೋದು ಹೇಗೆ ಅಂತ ಹೇಳೋದಿತ್ತಮ್ಮ. ಬಿಸಿನೀರು ಬೇಡ. ಹಿಂಡಬೇಡಿ. ನೆರಳಲ್ಲಿ ಒಣಗಿಸಿ."