ಎಡಪಕ್ಕೆಯ ಬಿಳಿ ಗೆರೆ

ಆ ಡಾಕ್ಟರಮ್ಮನ ಬಲಗೈ ಹೆಬ್ಬೆರಳು ಕಪ್ಪಗಿತ್ತು. ಶಾಯಿಯಲ್ಲ, ಚಹಾ ಎಲೆಯ ಕರೆ. ಭಾನುವಾರ ತಮ್ಮ ಹಟ್ಟಿಯ ತೋಟದಲ್ಲಿ ಎಲೆ ಕಿತ್ತು, ಸೋಮವಾರ ಊಟಿಯ ಆಸ್ಪತ್ರೆಯಲ್ಲಿ ಅದೇ ಬೆರಳುಗಳಿಂದ ಸ್ಕ್ಯಾನ್ ಮಾಡುತ್ತಿದ್ದರು. ಮುಖ ನೆನಪಿಲ್ಲ. ಕನ್ನಡಕವಿತ್ತು ಎಂದು ಅಕ್ಕ ಹೇಳುತ್ತಾಳೆ. ನಾನೀಗ ಅದನ್ನು ಅವರ ಮುಖಕ್ಕೆ ಹಾಕಿದರೆ ಅದು ಅಕ್ಕನ ಕನ್ನಡಕವಾದೀತು. ಬಿಡುತ್ತೇನೆ.

ನನ್ನ ಅಪ್ಪ ಕೂಕಲ್ತೊರೈ ಕಡೆಯ ಫ್ಯಾಕ್ಟರಿಯೊಂದರಲ್ಲಿ ಟೀ ಮೇಕರ್. ಎಲೆ ಹದವಾಗಿ ಬಾಡಿದೆಯೇ ಎಂದು ಮೂಸಿಯೇ ಹೇಳುವವರು. ಟಿಬಿಯಿಂದ ಅವರ ಎಡ ಶ್ವಾಸಕೋಶದ ಸುತ್ತ ನೀರು ತುಂಬಿಕೊಂಡಿತು. ಮಾತ್ರೆ ಶುರುವಾಗಿ ಮೂರು ವಾರವಾದರೂ ಒಂದು ವಾಕ್ಯ ಮುಗಿಸಲು ಉಸಿರು ಸಾಲುತ್ತಿರಲಿಲ್ಲ. ಮೊದಲು ನೋಡಿದ ಡಾಕ್ಟರು ಬೆರಳಿಗೆ ಕ್ಲಿಪ್ ಸಿಕ್ಕಿಸಿ, "ಆಕ್ಸಿಜನ್ ತೊಂಬತ್ತಾರು ಇದೆ. ನೀರು ಮಾತ್ರೆಗೇ ಇಳಿಯುತ್ತೆ. ಇದು ಬರೀ ಭಯ" ಎಂದಿದ್ದರು. ನಾವು ನಂಬಿದೆವು. ಧೈರ್ಯ ತಂದುಕೊಳ್ಳಿ ಎಂದು ನಾನು ಗದರಿದ್ದೂ ಉಂಟು. ಕೊನೆಗೆ ಅಪ್ಪನೂ ತನ್ನ ತಲೆಯೇ ಕೆಟ್ಟಿದೆಯೆಂದು ನಂಬತೊಡಗಿದ್ದರು.

ಕೊನೆಗೆ ಊಟಿಗೆ ಕರೆದೊಯ್ದೆವು. ಡಾಕ್ಟರಮ್ಮ ಕ್ಲಿಪ್ ಮುಟ್ಟಲಿಲ್ಲ. "ಉಸುರು ಬುಡೋದು ಮೆಷಿನ್ನಾ, ಮಾಮನಾ?" ಎಂದರು, ಅಪ್ಪನನ್ನು ತೋರಿಸುತ್ತ, ನನ್ನ ಕಡೆ ನೋಡಿ.

ಉಸಿರಾಟದ ಸ್ನಾಯು ಹೇಗೆ ಚಲಿಸುತ್ತದೆಂದು ಸ್ಕ್ಯಾನಿನಲ್ಲಿ ಕಾಣಬೇಕಾದರೆ ರೋಗಿ ಜೋರಾಗಿ ಮೂಸಬೇಕಂತೆ. ನಮ್ಮ ಜನ ಡಾಕ್ಟರ ಮುಂದೆ ಮರ್ಯಾದೆಯಿಂದ ಮೂಸುತ್ತಾರೆ. ಅದಕ್ಕೇ ಅವರು ಯಂತ್ರದ ಪಕ್ಕ ಟೀ ಡಸ್ಟಿನ ಡಬ್ಬಿ ಇಟ್ಟಿದ್ದರು. ಅದನ್ನು ಅಪ್ಪನ ಮೂಗಿಗೆ ಹಿಡಿದರು. ತೆರೆಯ ಮೇಲೆ ಒಂದು ಬಿಳಿ ಗೆರೆ. ಎದೆಗೂ ಹೊಟ್ಟೆಗೂ ನಡುವಿನ ಆ ಸ್ನಾಯು ಗುಡ್ಡದಂತೆ ಮೇಲಕ್ಕೆ ಉಬ್ಬಿರಬೇಕಿತ್ತು. ನೀರಿನ ಭಾರಕ್ಕೆ ಬಟ್ಟಲಿನಂತೆ ಕೆಳಕ್ಕೆ ಜೋತುಬಿದ್ದಿತ್ತು. ಅಪ್ಪ ಮೂಸಿದಾಗ ಕೆಳಗಿಳಿಯುವ ಬದಲು ಮೇಲಕ್ಕೆ ಹೋಯಿತು.

ಅವರು ತೆರೆಯನ್ನು ಅಪ್ಪನ ಕಡೆ ತಿರುಗಿಸಿದರು. "ನೋಡು ಮಾಮ. ನಿನ್ನ ತಲೆ ಸರಿಯಾಗೇ ಇದೆ. ಮಗುಚಿಕೊಂಡಿದ್ದು ಇದು."

ಅಪ್ಪ ಅತ್ತರು. ಅಥವಾ ನಾನು ಅತ್ತೆ.

ಸ್ಕ್ಯಾನ್ ನೋಡುತ್ತ, ಪಕ್ಕೆಗೆ ಸೂಜಿ ಹಾಕಿ, ನಿಧಾನವಾಗಿ ನೀರು ತೆಗೆದರು. ಹಾಲಿಲ್ಲದ ಚಹಾದ ಬಣ್ಣ. ಬಾಟಲಿ ತುಂಬುತ್ತ ಬಂದಂತೆ ಗೆರೆ ಅದುರಿತು, ನೆಟ್ಟಗಾಯಿತು, ಮತ್ತೆ ಮೆಲ್ಲನೆ ಮೇಲಕ್ಕೆ ಉಬ್ಬಿತು.

"ಎದ್ದಿತು ಗುಡ್ಡ!" ಡಾಕ್ಟರಮ್ಮ ಕೂಗಿದ ಸದ್ದಿಗೆ ಹೊರಗಿದ್ದ ನರ್ಸು ಓಡಿಬಂದಳು.

ಸೂಜಿ ತೆಗೆದ ಮೇಲೆ ಮತ್ತೆ ಡಬ್ಬಿ. "ಈಗ ಮೂಸು ಮಾಮ. ಡಸ್ಟ್ ಹೆಂಗದೆ?"

ಅಪ್ಪ ಉಸಿರೆಳೆದರು. ಗೆರೆ ಸರಕ್ಕನೆ ಕೆಳಗಿಳಿಯಿತು. "ಇದನ್ನ ಟೀ ಅಂತ ಹೇಳಿದವ ಯಾರು? ಎಲೆ ಬಾಡೋಕೆ ಮುಂಚೆನೇ ಮೆಷಿನ್ನಿಗೆ ತಳ್ಳಿದಾನೆ, ಬರೀ ಹಸಿ ಹುಲ್ಲು, ಆ ಮೇಕರನ್ನ ಇವತ್ತೇ ಮನೆಗೆ ಕಳಿಸ್ಬೇಕು!"

"ಅಯ್ಯೋ ಮಾಮ, ಅದು ಎನ್ನ ಅಣ್ಣ!" ಅವರು ಹೊಟ್ಟೆ ಹಿಡಿದು ನಕ್ಕರು. "ಪರವಾಗಿಲ್ಲೆ, ಬಯ್ಯಿ. ಒಂದೇ ಉಸುರಲ್ಲಿ ಬೈದೆಯಲ್ಲ!"

ಮುಂದಿನ ವಾರ ಅವರ ಅಪ್ಪಣೆಯಂತೆ ಅಪ್ಪ ಫೋನ್ ಕಿವಿಗಿಟ್ಟು, ಅವರೊಡನೆ ಮಾತಾಡುತ್ತಲೇ, ಬಸ್ ರಸ್ತೆಯಿಂದ ನಮ್ಮ ಹಟ್ಟಿಯ ಮೆಟ್ಟಿಲು ಹತ್ತಿದರು. ಎಷ್ಟು ಮೆಟ್ಟಿಲೆಂದು ಕೇಳಬೇಡಿ. ಹೇಳಿದಾಗೆಲ್ಲ ನನ್ನ ಬಾಯಲ್ಲಿ ಹೆಚ್ಚುತ್ತವೆ. ದಾರಿಯುದ್ದಕ್ಕೂ ಯಾರ ತೋಟ ಪಾಳು ಬಿದ್ದಿದೆ, ಯಾವ ಫ್ಯಾಕ್ಟರಿಯವರಿಗೆ ಮೂಗೇ ಇಲ್ಲ ಎಂಬ ವರದಿ. ಎಲ್ಲೂ ನಿಲ್ಲಲಿಲ್ಲ. ಬಿದ್ದರೆ ಹಿಡಿಯಬೇಕೆಂದು ನಾನು ಹಿಂದೆ ಹಿಂದೆ ಓಡುತ್ತಿದ್ದೆ.

ಮೇಲೆ ತಲುಪಿ ಫೋನ್ ನನ್ನ ಕೈಗಿತ್ತರು. ಥ್ಯಾಂಕ್ಸ್ ಹೇಳಲು ಬಾಯಿ ತೆರೆದೆ. ಏದುಸಿರು ಬಿಟ್ಟರೆ ಇನ್ನೇನೂ ಹೊರಡಲಿಲ್ಲ. ಆಮೇಲೆ ಅವರಿಗೆ ವರ್ಗವಾಯಿತು. ಹೇಳಬೇಕಾದದ್ದು ಇನ್ನೂ ನನ್ನೊಳಗೇ ಇದೆ. ಅವರು ಅಂದು ಫೋನಿನಲ್ಲಿ ನನಗೆ ಹೇಳಿದ್ದನ್ನು ಮಾತ್ರ ನಾನು ತಿದ್ದಿಲ್ಲ:

"ಅವಸರ ಇಲ್ಲೆ, ನಿಂತುಕೋ. ಉಸುರು ಸಾಲದು ಅಂದ್ರೆ ನಿನ್ನ ಮಾತೂ ನಂಬುವೆ."